ಲ್ಯಾಪ್‌ಟಾಪ್‌ನಿಂದ ಕಾರಿನ ಇಸಿಯುಗೆ: ಕೆಕೆಎಲ್, ಇಎಲ್‌ಎಂ327, ಓಬಿಡಿಲಿಂಕ್‌ಗಳ ಹೋಲಿಕೆ

ಕಾರಿನ ಇಸಿಯು, ಅಂದರೆ ಒಳಗಿನ ನಿಯಂತ್ರಣ ಕಂಪ್ಯೂಟರನ್ನು, ಲ್ಯಾಪ್‌ಟಾಪಿಗೆ ಜೋಡಿಸುವ ಅಡಾಪ್ಟರ್ ಆರ್ಡರ್ ಮಾಡುವ ಮೊದಲು ಸ್ಟಿಯರಿಂಗ್ ಕೆಳಗಿನ ಓಬಿಡಿ (ದೋಷ ಪತ್ತೆಯ) ಪೋರ್ಟಿಗೆ ಟಾರ್ಚ್ ಹಿಡಿದು ನೋಡಿ. 16 ಕಿಂಡಿಗಳಿದ್ದರೂ ಎಲ್ಲದರಲ್ಲೂ ಪಿನ್ ಇರುವುದಿಲ್ಲ. 16ನೆಯದು ಬ್ಯಾಟರಿಯ 12 ವೋಲ್ಟ್, 4 ಮತ್ತು 5 ಗ್ರೌಂಡ್. 6 ಮತ್ತು 14ರಲ್ಲಿ ಪಿನ್ ಕಂಡರೆ ಕ್ಯಾನ್ (ಎರಡು ತಂತಿಯ ವೇಗದ ಸಂಪರ್ಕ), 7ರಲ್ಲಿ ಮಾತ್ರ ಕಂಡರೆ ಕೆ-ಲೈನ್ (ಒಂದೇ ತಂತಿಯ ಹಳೆಯ, ನಿಧಾನದ ಸಂಪರ್ಕ). ಎರಡೂ ಇರುವ ಕಾರುಗಳಲ್ಲಿ ಇಂಜಿನ್ ಕ್ಯಾನ್‌ನಲ್ಲಿ, ಏರ್‌ಬ್ಯಾಗ್ ಅಥವಾ ಎಬಿಎಸ್ ಕೆ-ಲೈನಿನಲ್ಲಿ ಮಾತಾಡುವುದೂ ಉಂಟು. ಯಾವ ಕೇಬಲ್ ಬೇಕೆಂದು ಹೇಳುವುದು ಈ ಪಿನ್‌ಗಳೇ, ಬೆಲೆಯಲ್ಲ.

ಇಲ್ಲಿ ಹೋಲಿಸಿರುವುದು ಎರಡು ಬಗೆಯ ಕಾರುಗಳ ಮೇಲೆ: ಕೆ-ಲೈನ್ ಇರುವ ಮೊದಲ ಪೀಳಿಗೆಯ ಸ್ಕೋಡಾ ಆಕ್ಟೇವಿಯಾ, ಮತ್ತು ಕ್ಯಾನ್ ಇರುವ ಬಿಎಸ್6 ಪೆಟ್ರೋಲ್ ಹ್ಯಾಚ್‌ಬ್ಯಾಕ್.

ಕೆಕೆಎಲ್ 409.1 ಕೇಬಲ್ ಕೆಲವು ನೂರು ರೂಪಾಯಿಯ ಸಾಮಾನು. ಅದರೊಳಗೆ ಬುದ್ಧಿಯೇನೂ ಇಲ್ಲ. ಯುಎಸ್‌ಬಿಯನ್ನು ಸೀರಿಯಲ್ ಮಾಡುವ ಒಂದು ಚಿಪ್, 5 ವೋಲ್ಟನ್ನು 12 ವೋಲ್ಟಿನ ಕೆ-ಲೈನಿಗೆ ಹೊಂದಿಸುವ ಸರ್ಕ್ಯೂಟ್, ಅಷ್ಟೇ. ಸಮಯದ ಲೆಕ್ಕವೆಲ್ಲ ಲ್ಯಾಪ್‌ಟಾಪಿನ ತಲೆಗೆ. ಇಸಿಯುವನ್ನು ಎಬ್ಬಿಸಲು ವಿಳಾಸದ ಬೈಟನ್ನು ಸೆಕೆಂಡಿಗೆ 5 ಬಿಟ್‌ನಂತೆ ಕಳಿಸಬೇಕು. ಸ್ಟಾರ್ಟ್, ಸ್ಟಾಪ್ ಸೇರಿ 10 ಬಿಟ್, ಅಂದರೆ ಪೂರಾ 2 ಸೆಕೆಂಡ್. ನಂತರ ಸಾಮಾನ್ಯವಾಗಿ 10400 ಬಾಡ್‌ನಲ್ಲಿ (ಸೆಕೆಂಡಿಗೆ ಅಷ್ಟು ಬಿಟ್) ಮಾತು. ಈ ನಿಧಾನದ ಎಬ್ಬಿಸುವಿಕೆಯಲ್ಲೇ ಸಿಎಚ್340 ಚಿಪ್ಪಿನ ಕೇಬಲ್ ತಡವರಿಸುತ್ತದೆ: ಒಮ್ಮೆ ಕನೆಕ್ಟ್ ಆಗುತ್ತದೆ, ಮರುಕ್ಷಣ ಇಲ್ಲ. ಎಫ್‌ಟಿ232 ಚಿಪ್ಪಿನದು ನೆಚ್ಚಿಕೊಳ್ಳಬಹುದಾದದ್ದು, ಆದರೆ ಎರಡು ಸೆಟ್ಟಿಂಗ್ ಬದಲಿಸಲೇಬೇಕು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್‌ಡ್ ಪುಟಕ್ಕೆ ಹೋಗಿ ಲೇಟೆನ್ಸಿ ಟೈಮರನ್ನು (ಬಂದ ಡೇಟಾ ಒಪ್ಪಿಸುವ ಮೊದಲು ಚಿಪ್ ಕಾಯುವ ಸಮಯ) 16ರಿಂದ 1 ಅಥವಾ 2 ಮಿಲಿಸೆಕೆಂಡಿಗೆ ಇಳಿಸಿ. ಅಲ್ಲೇ ಕಾಮ್ ಪೋರ್ಟ್ ನಂಬರನ್ನು 1ರಿಂದ 4ರೊಳಗೆ ತನ್ನಿ. ಹಳೆಯ ಸಾಫ್ಟ್‌ವೇರ್‌ಗಳು ಅದಕ್ಕಿಂತ ಮೇಲಿನ ನಂಬರನ್ನು ನೋಡುವುದೇ ಇಲ್ಲ.

ಇಷ್ಟಾದರೂ ಆಕ್ಟೇವಿಯಾ ಮಾತಾಡದಿದ್ದರೆ ಕೇಬಲನ್ನು ಬೈಯುವ ಮೊದಲು ಸ್ಟಿರಿಯೊ ನೋಡಿ. ಆ ಕಾಲದ ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ಕೆ-ಲೈನ್ ತಂತಿ ರೇಡಿಯೊ ಕನೆಕ್ಟರಿಗೂ ಹೋಗಿರುತ್ತದೆ. ಹೊರಗಿನ ಸ್ಟಿರಿಯೊ ಹಾಕಿಸಿದಾಗ ಆ ತಂತಿ 12 ವೋಲ್ಟಿಗೋ ಗ್ರೌಂಡಿಗೋ ಸೇರಿಕೊಂಡು ಇಡೀ ಲೈನನ್ನು ಹಿಡಿದುಬಿಡುತ್ತದೆ. ಸ್ಟಿರಿಯೊದ ಹಿಂದಿನ ಪ್ಲಗ್ ಕಳಚಿ ಮತ್ತೆ ಪ್ರಯತ್ನಿಸಿ. ಕೂಡಲೇ ಕನೆಕ್ಟ್ ಆದರೆ ಆ ಒಂದು ತಂತಿಯನ್ನು ಬೇರ್ಪಡಿಸಿ ಇನ್ಸುಲೇಷನ್ ಸುತ್ತಿದರೆ ಸಾಕು.

ಇದೇ ಕೇಬಲ್ ಬಿಎಸ್6 ಕಾರಿನ ಇಂಜಿನ್ನಿಗೆ ಪೂರ್ತಿ ನಿರುಪಯೋಗಿ. 6 ಮತ್ತು 14ನೇ ಪಿನ್ನಿಗೆ ಅದರಲ್ಲಿ ತಂತಿಯೇ ಇಲ್ಲ.

ಕ್ಯಾನ್ ಕಾರಿಗೆ ಎಲ್ಲರೂ ಮೊದಲು ಕೊಳ್ಳುವುದು ಇಎಲ್‌ಎಂ327ರ ನಕಲು. ಇದರೊಳಗೆ ಪ್ರೊಟೋಕಾಲ್ (ಕಾರಿನೊಡನೆ ಮಾತಾಡುವ ಕ್ರಮ) ನೋಡಿಕೊಳ್ಳುವ ಚಿಪ್ ಇದೆ, ಲ್ಯಾಪ್‌ಟಾಪ್ ಅದಕ್ಕೆ ಅಕ್ಷರಗಳಲ್ಲಿ ಆಜ್ಞೆ ಕೊಟ್ಟರಾಯಿತು. ಪುಟ್ಟಿ ಎಂಬ ಟರ್ಮಿನಲ್ ಸಾಫ್ಟ್‌ವೇರ್ ತೆರೆದು 38400 ಬಾಡ್ ಇಟ್ಟು ಇಗ್ನಿಷನ್ ಆನ್ ಮಾಡಿ. ಎಟಿಜೆಡ್ ರೀಸೆಟ್, ಎಟಿಆರ್‌ವಿ ಬ್ಯಾಟರಿ ವೋಲ್ಟೇಜ್, ಎಟಿಎಸ್‌ಪಿ0 ಕೊಟ್ಟರೆ ಪ್ರೊಟೋಕಾಲನ್ನು ತಾನೇ ಹುಡುಕುತ್ತದೆ. ಆಮೇಲೆ ಇಂಜಿನ್ ಚಾಲೂ ಮಾಡಿ 010ಸಿ (ಆರ್‌ಪಿಎಂ) ಕೇಳಿ. ‘41 0ಸಿ 0ಸಿ 80’ ಎಂಬ ಉತ್ತರ ಬಂದರೆ ಕೊನೆಯ ಎರಡು ಬೈಟ್ ಸೇರಿದ ಹೆಕ್ಸ್ (16ರ ಆಧಾರದ) ಸಂಖ್ಯೆ ನಮ್ಮ ಎಣಿಕೆಯಲ್ಲಿ 3200, ಅದನ್ನು 4ರಿಂದ ಭಾಗಿಸಿದರೆ 800 ಆರ್‌ಪಿಎಂ, ಐಡಲ್‌ಗೆ ಸರಿಯಾದ ಅಂಕಿ. 0105 ಕೂಲಂಟ್ ತಾಪಮಾನ, ಬಂದ ಸಂಖ್ಯೆಯನ್ನೂ ಹಾಗೆಯೇ ನಮ್ಮ ಎಣಿಕೆಗೆ ತಂದು 40 ಕಳೆಯಿರಿ.

ನಿಧಾನ ಅನ್ನಿಸಿದರೆ 010ಸಿ1 ಎಂದು ಕೊನೆಗೊಂದು 1 ಸೇರಿಸಿ. ಒಂದೇ ಉತ್ತರ ಸಾಕು ಎಂದರ್ಥ. ಇಲ್ಲದಿದ್ದರೆ ಚಿಪ್ ಬೇರೆ ಇಸಿಯು ಉತ್ತರಿಸೀತೇನೋ ಎಂದು ಕಾದು ಕೂರುತ್ತದೆ. ಈ ಒಂದು ಅಂಕಿಯಿಂದ ಲಾಗಿಂಗ್ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ.

ನಕಲಿನ ಬಣ್ಣ ಬಯಲಾಗುವುದು 0902 ಕೇಳಿದಾಗ. ಅದಕ್ಕೆ ಬರುವ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಉತ್ತರ 20 ಬೈಟ್, ಕ್ಯಾನ್‌ನಲ್ಲಿ ಮೂರು ಫ್ರೇಮಾಗಿ (ತುಂಡಾಗಿ) ಬರುತ್ತದೆ. ಕಳಪೆ ನಕಲು ಮೊದಲ ಫ್ರೇಮ್ ತೋರಿಸಿ ಸುಮ್ಮನಾಗುತ್ತದೆ. ಚಿಪ್ಪಿನ ಸೆಟ್ಟಿಂಗ್‌ಗಳನ್ನು ಕೇಳುವ ಎಟಿಪಿಪಿಎಸ್‌ಗೆ ಪಟ್ಟಿಯ ಬದಲು ಪ್ರಶ್ನಾರ್ಥಕ ಚಿಹ್ನೆ ಬಂದರೂ ಅನುಮಾನಿಸಿ. ಹೆಸರಿನ ಮೇಲೆ ವಿ1.5 ಎಂದಿದ್ದರೆ ಪರೀಕ್ಷೆಯೇ ಬೇಡ: ಮೂಲ ಕಂಪನಿ ಆ ವರ್ಷನ್ ತಂದೇ ಇಲ್ಲ. ಆದರೂ ಕೆಲವೊಮ್ಮೆ ವಿ1.5 ಎಂದು ಬರೆದದ್ದೇ ವಿ2.1 ಎಂದು ಬರೆದದ್ದಕ್ಕಿಂತ ಚೆನ್ನಾಗಿ ನಡೆಯುತ್ತದೆ.

ಬ್ಲೂಟೂತ್ ನಕಲು ಫೋನಿಗೆ ಸರಿ, ಲ್ಯಾಪ್‌ಟಾಪಿಗೆ ಬೇಡ. ವಿಂಡೋಸ್ ಅದಕ್ಕೆ ಎರಡು ಕಾಮ್ ಪೋರ್ಟ್ ಮಾಡುತ್ತದೆ, ಔಟ್‌ಗೋಯಿಂಗ್ ಎಂದಿರುವುದನ್ನೇ ಆರಿಸಬೇಕು. ಪಕ್ಕದ ಸೀಟಿನಲ್ಲೇ ಲ್ಯಾಪ್‌ಟಾಪ್ ಇರುವಾಗ ಯುಎಸ್‌ಬಿ ತಂತಿಯನ್ನು ಬಿಟ್ಟು ಇದನ್ನು ಹಿಡಿಯಲು ಕಾರಣವೇ ಇಲ್ಲ.

ಓಬಿಡಿಲಿಂಕ್ ಎಸ್‌ಎಕ್ಸ್ ಬೆಲೆ ಸಾವಿರಗಳಲ್ಲಿದೆ, ಆದರೆ ಮೂರರಲ್ಲಿ ನಮ್ಮ ಮತ ಇದಕ್ಕೇ. ಎಸ್‌ಟಿಎನ್ ಚಿಪ್, ಶುರುವಿಗೇ 115200 ಬಾಡ್, ಇಎಲ್‌ಎಂನ ಆಜ್ಞೆಗಳೆಲ್ಲ ನಡೆಯುತ್ತವೆ. 010ಸಿ0ಡಿ05 ಎಂದು ಆರ್‌ಪಿಎಂ, ವೇಗ, ಕೂಲಂಟ್ ಮೂರನ್ನೂ ಒಟ್ಟಿಗೇ ಕೇಳಬಹುದು. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಾಗ ಲಾಗ್ ಮಾಡಿದರೆ ವ್ಯತ್ಯಾಸ ಸ್ಪಷ್ಟ: ಗೇರ್ ಇಳಿಸಿದ ಕ್ಷಣ ಆರ್‌ಪಿಎಂ ಏರಿದ್ದು ಇದರ ಗ್ರಾಫಿನಲ್ಲಿ ಇಳಿಜಾರಾಗಿ ಕಾಣುತ್ತದೆ, ನಕಲಿನಲ್ಲಿ ಬರೀ ಮೆಟ್ಟಿಲು. ಕೂಲಂಟ್ ಮಾತ್ರ ನೋಡುವುದಾದರೆ ನಕಲೂ ಸಾಕು.

ಲಿನಕ್ಸ್ ಬಳಸುವವರು ಸೀರಿಯಲ್ ಪೋರ್ಟ್ ಬಳಸುವ ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ತಮ್ಮನ್ನು ಸೇರಿಸಿಕೊಳ್ಳಿ. ಉಬುಂಟು 22.04ರಲ್ಲಿ ಸಿಎಚ್340 ಹಾಕಿದ ಕೂಡಲೇ ಪೋರ್ಟ್ ಮಾಯವಾದರೆ ಬಿಆರ್‌ಎಲ್‌ಟಿಟಿವೈ ಎಂಬ ಬ್ರೈಲ್ ಸಾಫ್ಟ್‌ವೇರ್ ಅದನ್ನು ಕಸಿದುಕೊಂಡಿದೆ ಎಂದೇ ತಿಳಿಯಿರಿ. ಅದು ಬೇಡವಾದವರು ತೆಗೆದುಹಾಕಬಹುದು.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಂದರೆ ಎಲ್ಲ ಅಡಾಪ್ಟರ್‌ಗಳಿಗೂ ಸಮಾನ. ಪಣಂಬೂರು, ಸುರತ್ಕಲ್, ಮಲ್ಪೆ ಕಡೆ ಉಪ್ಪುಗಾಳಿಗೆ ನಿಲ್ಲುವ ಕಾರುಗಳ ಪೋರ್ಟಿನಲ್ಲಿ ಪಿನ್ನಿಗೆ ಹಸಿರು ಕಿಲುಬು ಕಟ್ಟುತ್ತದೆ. ಇಗ್ನಿಷನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು, 6 ಮತ್ತು 14ರ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸುಮಾರು 60 ಓಮ್ ಬರಬೇಕು. 120 ಬಂದರೆ ಲೈನಿನ ಒಂದು ತುದಿಯ ರೆಸಿಸ್ಟರ್ ಕಡಿದಿದೆ. ಕ್ಯಾನಬಲ್‌ನಂಥ ಕ್ಯಾನ್ ಬೋರ್ಡ್ ಹಾಕಿದ ಮೇಲೆ 40ಕ್ಕೆ ಇಳಿದರೆ ಅದರಲ್ಲಿ ಇನ್ನೊಂದು ರೆಸಿಸ್ಟರ್ ಸೇರಿಸುವ ಟರ್ಮಿನೇಷನ್ ಜಂಪರ್ ತೆಗೆಯಿರಿ. ಕಿಲುಬಿಗೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಸೂಜಿಯಿಂದ ಕೆರೆಯಬೇಡಿ, ಪಿನ್ ಅಗಲವಾದರೆ ಮತ್ತೆ ಬಿಗಿಯಾಗದು.

ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಳಚಿಡಿ. 16ನೇ ಪಿನ್ನಿಗೆ ಕೀ ತೆಗೆದರೂ ಕರೆಂಟ್ ಇರುತ್ತದೆ. 40 ಮಿಲಿಆಂಪ್ ಎಳೆಯುವ ಅಡಾಪ್ಟರ್ ಎರಡು ವಾರಕ್ಕೆ 13 ಆಂಪ್-ಅವರ್ ದಾಟುತ್ತದೆ. ಆಟಿ ತಿಂಗಳ ಮಳೆಗೆ ಕಾರು ಶೆಡ್ಡಿನಲ್ಲೇ ನಿಂತರೆ 35 ಆಂಪ್-ಅವರ್ ಬ್ಯಾಟರಿಯ ಮೂರನೇ ಒಂದಕ್ಕಿಂತ ಹೆಚ್ಚು ಖಾಲಿ.

ಇಸಿಯು ರೀಫ್ಲ್ಯಾಶ್ ಮಾಡುವ (ಅದರ ಸಾಫ್ಟ್‌ವೇರನ್ನೇ ಬದಲಿಸುವ) ಯೋಚನೆಯಿದ್ದರೆ ನಕಲು ಅಡಾಪ್ಟರ್‌ಗಳನ್ನು ಮುಟ್ಟಲೇಬೇಡಿ, ಅದು ಜೆ2534 ಎಂಬ ಮಾನದಂಡದ ಉಪಕರಣದ ಕೆಲಸ. ಚೆಕ್ ಇಂಜಿನ್ ಲೈಟ್ ಆರಿಸಲು 04 ಕೊಡುವ ಮುಂಚೆ 03ರಿಂದ ದೋಷದ ಕೋಡ್, 02ರಿಂದ ಫ್ರೀಜ್ ಫ್ರೇಮ್ (ದೋಷ ಕಂಡ ಕ್ಷಣದ ಅಂಕಿಗಳು) ಓದಿ ಫೈಲಿಗೆ ಉಳಿಸಿ. 04 ಕೊಟ್ಟರೆ ಎರಡೂ ಅಳಿಸಿಹೋಗುತ್ತವೆ, ಜತೆಗೆ ಕಾರು ತಾನೇ ಮಾಡಿಕೊಂಡ ಪರೀಕ್ಷೆಗಳ ಲೆಕ್ಕವಾದ ರೆಡಿನೆಸ್ ಮಾನಿಟರ್‌ಗಳೂ ಸೊನ್ನೆಗೆ ಬರುತ್ತವೆ. ಆಮೇಲೆ ಗ್ಯಾರೇಜಿನವರಿಗೆ ತೋರಿಸಲು ಏನೂ ಇರುವುದಿಲ್ಲ.