ರೋಬೋಟ್ ಗ್ಲೋವ್, 11 ತಿಂಗಳ ಬಳಕೆಯ ನಂತರ: ಮುಷ್ಟಿ ಬಿಡಿಸಿತು, ಹೆಬ್ಬೆರಳನ್ನು ಮರೆತಿತು

ಗಾಳಿ ಪಂಪ್‌ನಿಂದ ಬೆರಳುಗಳನ್ನು ಮಡಚಿ ಬಿಡಿಸುವ ಈ ಗ್ಲೋವ್‌ನ ಹೆಬ್ಬೆರಳಿನ ಬಗ್ಗೆ ಬೇಸರ ಹೇಳಲೆಂದೇ ಬರೆಯಲು ಕೂತಿದ್ದೇನೆ. ಆದರೆ ಅದರಿಂದ ಆದ ಉಪಕಾರವನ್ನು ಮೊದಲು ಹೇಳದಿದ್ದರೆ ತಪ್ಪಾಗುತ್ತದೆ.

ಕಳೆದ ವರ್ಷ ಫೆಬ್ರವರಿಯಲ್ಲಿ ಮಿದುಳಿನ ಎಡಭಾಗಕ್ಕೆ ಸ್ಟ್ರೋಕ್ ಆಗಿ ನನ್ನ ಬಲಗೈ ಬಿದ್ದುಹೋಯಿತು. ಮೂರು ತಿಂಗಳಲ್ಲಿ ಭುಜ, ಮೊಣಕೈ ಸ್ವಲ್ಪ ಎದ್ದವು. ಬೆರಳು ಮಾತ್ರ ಮುಷ್ಟಿ ಬಿಡಲಿಲ್ಲ. ಉಗುರು ಅಂಗೈಗೆ ಚುಚ್ಚುತ್ತಿತ್ತು, ಅಂಗೈ ಬೆವತು ವಾಸನೆ ಬರುತ್ತಿತ್ತು. ಉಗುರು ಕತ್ತರಿಸಲು ಮಗಳು ಒಂದೊಂದೇ ಬೆರಳು ಬಿಡಿಸುವಾಗ ಇಬ್ಬರ ಕಣ್ಣಲ್ಲೂ ನೀರು. ಫಿಸಿಯೋ ಮನೆಗೆ ಬಂದರೆ ಒಂದು ಸಲಕ್ಕೆ 600 ರೂಪಾಯಿ. ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ನಮ್ಮ ಪೆನ್ಷನ್‌ನಲ್ಲಿ ಆಗುವುದಿಲ್ಲ. ಉಳಿದ ಐದು ದಿನಕ್ಕೆ ಅಂತ 7,000 ರೂಪಾಯಿ ಕೊಟ್ಟು ಇದನ್ನು ತರಿಸಿದೆವು.

ಬೆಳಿಗ್ಗೆ ಕಾಫಿ ಆದ ಮೇಲೆ ನಮ್ಮ ಕೆಲಸ ಶುರು. ಬೋಗುಣಿಯಲ್ಲಿ ಉಗುರು ಬೆಚ್ಚಗಿನ ನೀರು. ಬಿಸಿ ಎಷ್ಟಿದೆ ಅಂತ ಎಡಗೈಯಲ್ಲೇ ನೋಡಬೇಕು, ಬಲಗೈಗೆ ಸರಿಯಾಗಿ ಗೊತ್ತಾಗುವುದಿಲ್ಲ. ಹತ್ತು ನಿಮಿಷ ಕೈ ಇಟ್ಟರೆ ಬಿಗಿತ ಸಡಿಲವಾಗುತ್ತದೆ. ಬೆರಳ ಸಂದುಗಳನ್ನು ಹಳೇ ಪಂಚೆಯ ಬಟ್ಟೆಯಿಂದ ಒರೆಸಿ, ಮೊಣಕೈ ಕೆಳಗೆ ದಿಂಬು ಕೊಟ್ಟು, ನಮ್ಮ ಯಜಮಾನರು ಕಿರುಬೆರಳಿನಿಂದ ಗ್ಲೋವ್ ಹಾಕುತ್ತಾರೆ. ಕೈ ಎಳೆಯಬಾರದು, ಭುಜದ ಕೀಲು ಜಾರುತ್ತದೆ ಅಂತ ಫಿಸಿಯೋ ಎಚ್ಚರಿಸಿದ್ದರು. ಆಮೇಲೆ ಪಂಪ್ ಗುರ್ ಅನ್ನುತ್ತದೆ, ನನ್ನ ಬೆರಳು ನಿಧಾನವಾಗಿ ಅರಳುತ್ತವೆ. ಮೊದಲ ದಿನ ಅಂಗೈಗೆ ಗಾಳಿ ತಾಗಿದಾಗ ಆದ ಸಮಾಧಾನ ಇವತ್ತಿಗೂ ನೆನಪಿದೆ. ಎರಡು ತಿಂಗಳಲ್ಲಿ ಉಗುರು ಕತ್ತರಿಸುವುದು ಐದು ನಿಮಿಷದ ಕೆಲಸವಾಯಿತು.

ಕನ್ನಡಿ ಮೋಡ್ ಕೂಡ ಇದೆ. ಎಡಗೈಗೆ ಹಾಕಿದ ಸೆನ್ಸರ್ ಗ್ಲೋವ್ ಹೇಗೆ ಮಡಚುತ್ತದೋ ಬಲಗೈಯೂ ಹಾಗೇ. ಚೆನ್ನಾಗಿದೆ. ಆದರೆ ಇದೊಂದಕ್ಕೇ ದುಡ್ಡು ಕೊಡಬೇಡಿ. ಮಿದುಳು ವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಜೊತೆಗಾರರು 1999ರಲ್ಲೇ ಸ್ಟ್ರೋಕ್ ಆದ 9 ಜನರಿಗೆ ಬರೀ ಕನ್ನಡಿ ಇಟ್ಟು ಇಂಥ ಅಭ್ಯಾಸ ಮಾಡಿಸಿ ನೋಡಿದ್ದಾರೆ. ಚೆನ್ನಾಗಿರುವ ಕೈಯ ಬಿಂಬವೇ ಸೋತ ಕೈಯಂತೆ ಕಾಣುವ ಹಾಗೆ ಗೋಡೆ ಕನ್ನಡಿಯನ್ನು ಮೇಜಿನ ಮೇಲೆ ಎರಡು ಕೈಗಳ ನಡುವೆ ನಿಲ್ಲಿಸಿದರೆ ಸಾಕು.

ಇನ್ನು ಹೆಬ್ಬೆರಳು. ನಾಲ್ಕು ತಿಂಗಳು ಕಳೆದ ಮೇಲೆ ನನಗೆ ಅರ್ಥವಾದ ಮಾತು ಇದು. ಚಿಟಿಕೆ ಹಿಡಿಯಬೇಕಾದರೆ ಹೆಬ್ಬೆರಳು ಅಡ್ಡ ಬಂದು ತೋರುಬೆರಳ ತುದಿಗೆ ಎದುರು ನಿಲ್ಲಬೇಕು. ಈ ಗ್ಲೋವ್‌ನಲ್ಲಿ ಅದು ತನ್ನ ಪಕ್ಕದಲ್ಲೇ ಮಡಚಿ ಬಿಡಿಸುತ್ತದೆ, ಅಷ್ಟೇ. ಉಪ್ಪು ಹಾಕುವುದು, ಗುಂಡಿ ಹಾಕುವುದು, ರಂಗೋಲಿ, ಕುಂಕುಮ, ಎಲ್ಲಾ ಚಿಟಿಕೆಯ ಕೆಲಸವೇ ಅಲ್ವಾ? ಒಂದು ಸಲವೂ ಇದು ಅದನ್ನು ಮಾಡಿಸಲಿಲ್ಲ. ಮಾರಿದವರಿಗೆ ಬರೆದರೆ ‘ನಿಯಮಿತವಾಗಿ ಬಳಸಿ’ ಅಂತ ಒಂದೇ ಉತ್ತರ. ಏಳನೇ ತಿಂಗಳಲ್ಲಿ ಹೆಬ್ಬೆರಳಿನ ಗಾಳಿ ಕೊಳವೆಯೇ ಬಿರುಕು ಬಿಟ್ಟಿತು. ಬಿಡಿ ಭಾಗ ಸಿಗುವುದಿಲ್ಲವಂತೆ.

ಇನ್ನೊಂದು ತಪ್ಪು ನನ್ನದೇ. ಯಂತ್ರ ಅಲುಗಿಸುತ್ತಿದ್ದರೆ ನಾನು ಸುಮ್ನೆ ಟಿವಿ ನೋಡುತ್ತಿದ್ದೆ. ಫಿಸಿಯೋ ಗಮನಿಸಿ ನಿಲ್ಲಿಸಿದರು. ಯಂತ್ರ ಬಿಡಿಸುವಾಗ ನೀವೂ ಬಿಡಿಸಲು ಒದ್ದಾಡಿ ಅಂದರು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟಾಬ್ ಅವರ ಪದ್ಧತಿಯ ವಿಷಯ ತಿಳಿಸಿದವರೂ ಅವರೇ. ಚೆನ್ನಾಗಿರುವ ಕೈಗೆ ದಪ್ಪ ಗವಸು ಹಾಕಿ, ಸೋತ ಕೈಯಲ್ಲೇ ಕೆಲಸ ಮಾಡಿಸುವುದು. 2006ರಲ್ಲಿ ಪ್ರಕಟವಾದ, ಈ ಪದ್ಧತಿಯ ದೊಡ್ಡ ಪರೀಕ್ಷೆಯಲ್ಲಿ 222 ಜನ ಇದ್ದರು. ಅದರಲ್ಲಿ ಗವಸು ಹಾಕಿದವರು ಎರಡು ವಾರ, ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಹಾಕಿಕೊಳ್ಳಬೇಕಿತ್ತು. ಆದರೆ ಈ ಪದ್ಧತಿಗೆ ಸೋತ ಕೈಯ ಬೆರಳು ತಾನಾಗಿ ಸ್ವಲ್ಪವಾದರೂ ಬಿಡಿಸಲು ಬರಬೇಕು. ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ಬರುತ್ತಿತ್ತು. ದಿನಕ್ಕೆ ಒಂದು ಗಂಟೆ, ಕೂತಲ್ಲೇ, ಎಡಗೈಗೆ ಗವಸು ಹಾಕಿಕೊಂಡೆ.

ಡಿಸೆಂಬರ್‌ನಲ್ಲಿ ಅವರೆಕಾಯಿ ಬಂತು. ನೆನೆಸಿದ ಕಾಳನ್ನು ಮಗಳು ಒಂದು ತಟ್ಟೆಯಲ್ಲಿ ಮುಂದಿಟ್ಟಳು. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಒತ್ತಿದರೆ ಸಿಪ್ಪೆಯಿಂದ ಬೇಳೆ ಚಿಮ್ಮಬೇಕು. ಮೊದಲ ವಾರ ಒಂದೂ ಬರಲಿಲ್ಲ, ಕಾಳು ಜಾರಿ ನೆಲಕ್ಕೆ ಬೀಳುತ್ತಿತ್ತು. ಎರಡನೇ ವಾರ ಒಂದು ಬೇಳೆ ಚಿಮ್ಮಿ ಯಜಮಾನರ ಕನ್ನಡಕಕ್ಕೆ ತಾಗಿತು. ಅವರು ಒರೆಸಿಕೊಳ್ಳದೆ ನನ್ನ ಕೈಯನ್ನೇ ನೋಡುತ್ತಾ ಕೂತರು. ಸಂಕ್ರಾಂತಿ ಹೊತ್ತಿಗೆ ಹತ್ತು ನಿಮಿಷಕ್ಕೆ 22 ಕಾಳು. ಆ ದಿನದ ಹಿದುಕಿದ ಬೇಳೆ ಸಾರಿನಲ್ಲಿ ನನ್ನದೂ ಒಂದು ಹಿಡಿ ಇತ್ತು.

ಈಗ ಗ್ಲೋವ್ ವಾರಕ್ಕೆ ಮೂರು ದಿನ, ಬೆಳಿಗ್ಗೆ ಮುಷ್ಟಿ ಸಡಿಲಿಸಲು ಮಾತ್ರ. ಬಿರುಕಿಗೆ ಸೈಕಲ್ ಪಂಕ್ಚರ್ ಪಟ್ಟಿ ಹಾಕಿದ್ದೇವೆ. ಅಂಗೈ ಬಿಡಿಸಲಾರದ ಸ್ಥಿತಿಯಲ್ಲಿ ಇರುವವರು ಫಿಸಿಯೋ ಹತ್ತಿರ ಕೇಳಿ ಕೊಳ್ಳಬಹುದು. ಕೊಳ್ಳುವ ಮುಂಚೆ ಮಾರುವವರ ಹತ್ತಿರ ಒಂದು ವಿಡಿಯೋ ಕೇಳಿ, ಹೆಬ್ಬೆರಳು ತೋರುಬೆರಳಿಗೆ ತಾಗುತ್ತದಾ ಅಂತ ನೋಡಿ. ಐದಕ್ಕೆ ಮೂರು ಸ್ಟಾರ್.