ಕೆಪಾಸಿಟರ್ ಡಿಸ್ಚಾರ್ಜ್ ಪೆನ್ನು: ಮೂರು ಮಳೆಗಾಲ ಬಳಸಿದ ಮೇಲೆ

ತೀರ್ಥಹಳ್ಳಿಯಲ್ಲಿ ನನ್ನದು ಟಿ.ವಿ., ಯುಪಿಎಸ್ ರಿಪೇರಿ ಅಂಗಡಿ. ಏಪ್ರಿಲ್‌ನಲ್ಲಿ ಗುಡುಗು ಸಿಡಿಲು ಶುರುವಾಯಿತೆಂದರೆ ಆಗುಂಬೆ, ಹೊಸನಗರದ ಕಡೆಯಿಂದ ಸುಟ್ಟ ಬೋರ್ಡುಗಳು ಬಂದು ಮೇಜಿನ ಮೇಲೆ ರಾಶಿ ಬೀಳುತ್ತವೆ. ಬೋರ್ಡಿನಲ್ಲಿ ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಭಾಗವೇ ಕೆಪಾಸಿಟರ್; ಅದರಲ್ಲಿ ಉಳಿದ ವಿದ್ಯುತ್ತನ್ನು ಖಾಲಿ ಮಾಡುವ ಈ ಪೆನ್ನು ಮೂರು ವರ್ಷಗಳಿಂದ ಆ ಮೇಜು ಬಿಟ್ಟು ಕದಲಿಲ್ಲ.

ಅದಕ್ಕೆ ಮೊದಲು ಸ್ಕ್ರೂಡ್ರೈವರಿನಿಂದ ಕೆಪಾಸಿಟರಿನ ಎರಡು ಕಾಲುಗಳನ್ನು ಕೂಡಿಸುತ್ತಿದ್ದೆ. ಪಟ್ಟೆಂದು ಕಿಡಿ ಹಾರುತ್ತಿತ್ತು, ಅಲಗಿನ ತುದಿಯಲ್ಲಿ ಕಪ್ಪು ಗುಳಿ ಬೀಳುತ್ತಿತ್ತು. ಒಮ್ಮೆ ಬೋರ್ಡಿನ ತಾಮ್ರದ ಪಟ್ಟಿಯೇ ಎದ್ದು ಬಂತು. 230 ವೋಲ್ಟ್ ಎಸಿ, ಅದನ್ನು ಡಿಸಿ ಮಾಡುವ ಬ್ರಿಜ್ ದಾಟಿ ಕೆಪಾಸಿಟರ್ ಸೇರಿದಾಗ ಸುಮಾರು 325 ವೋಲ್ಟ್ ಡಿಸಿ ಆಗಿರುತ್ತದೆ. ಸರಿಯಿರುವ ಸೆಟ್ಟು ಪ್ಲಗ್ ಕಿತ್ತ ಮೇಲೆ ಬಹುಪಾಲನ್ನು ತಾನೇ ಬಳಸಿ ಮುಗಿಸುತ್ತದೆ. ಆ ವಿದ್ಯುತ್ತನ್ನು ಮುಂದಕ್ಕೆ ಸಾಗಿಸುವ ಚಿಪ್ಪು, ಅಂದರೆ ಸ್ವಿಚಿಂಗ್ ಐಸಿ, ಸತ್ತು ಫ್ಯೂಸ್ ಉಳಿದಿರುವ ಸೆಟ್ಟಿನಲ್ಲಿ ಆ ವಿದ್ಯುತ್ತಿಗೆ ಹೋಗುವ ದಾರಿಯೇ ಇರುವುದಿಲ್ಲ. ನಮ್ಮ ಕೈಗೆ ಬರುವುದು ಹೆಚ್ಚಾಗಿ ಇಂಥದ್ದೇ.

ನನ್ನ ಪೆನ್ನಿನೊಳಗೆ 2.2 ಕಿಲೋ ಓಮ್‌ನ ದಪ್ಪ ರೆಸಿಸ್ಟರ್ (ವಿದ್ಯುತ್ ಹರಿವಿಗೆ ತಡೆಯೊಡ್ಡುವ ಭಾಗ) ಇದೆ, ಅದರ ಜೊತೆಗೆ ಒಂದಕ್ಕೊಂದು ಎದುರು ದಿಕ್ಕಿಗೆ ಜೋಡಿಸಿದ ಎರಡು ಎಲ್‌ಇಡಿ. ಪ್ಲಸ್ ಮೈನಸ್ ಅದಲುಬದಲಾದರೂ ಒಂದಾದರೂ ಹೊತ್ತಿಕೊಳ್ಳುತ್ತದೆ. 220 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ ಮುಟ್ಟಿಸಿ ಹಿಡಿದರೆ ಝಗ್ಗನೆ ಬೆಳಗಿ, ಮಂಕಾಗಿ, ಆರುತ್ತದೆ. ಎರಡೂವರೆ ಸೆಕೆಂಡಿನಲ್ಲಿ 325 ವೋಲ್ಟ್ ಕೆಲವೇ ವೋಲ್ಟಿಗೆ ಇಳಿದಿರುತ್ತದೆ. ಕಿಡಿಯಿಲ್ಲ, ಸದ್ದಿಲ್ಲ.

ಇನ್ನು ಇದರ ದೊಡ್ಡ ದೋಷ. ಎರಡನೆಯ ಮಳೆಗಾಲದಲ್ಲಿ ಒಂದು ಯುಪಿಎಸ್ ಬಿಚ್ಚಿ ಪೆನ್ನು ಮುಟ್ಟಿಸಿದೆ. ದೀಪ ಹತ್ತಲಿಲ್ಲ. ಖಾಲಿ ಎಂದುಕೊಂಡು ಬೋರ್ಡು ಎತ್ತಲು ಕೈ ಚಾಚಿದವನು ಅಭ್ಯಾಸಬಲದಿಂದ ಮೀಟರ್ ಇಟ್ಟು ನೋಡಿದೆ: 290 ವೋಲ್ಟ್! ಪೆನ್ನು ಬಿಚ್ಚಿದರೆ, ರೆಸಿಸ್ಟರಿನ ಒಂದು ಕಾಲು ಬೆಸುಗೆಯಿಂದ ಕೂದಲೆಳೆಯಷ್ಟು ಬಿಟ್ಟುಕೊಂಡಿತ್ತು. ಕೆಪಾಸಿಟರ್ ಖಾಲಿಯಾಗಿದ್ದರೂ ದೀಪವಿಲ್ಲ, ಪೆನ್ನು ಕೆಟ್ಟಿದ್ದರೂ ದೀಪವಿಲ್ಲ. ತಯಾರಿಸಿದವರು ಇದನ್ನು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆಯಬೇಕಿತ್ತು. ಆ ದಿನ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಬೆಸುಗೆಯನ್ನು ನಾನೇ ಹಾಕಿಕೊಂಡೆ. ಈಗ ಪ್ರತಿ ಸಲವೂ ಬಳಸುವ ಮೊದಲು 9 ವೋಲ್ಟ್ ಬ್ಯಾಟರಿಗೆ ಮುಟ್ಟಿಸಿ ದೀಪ ಹತ್ತುವುದನ್ನು ನೋಡುತ್ತೇನೆ. ಕೆಪಾಸಿಟರಿನ ವಿದ್ಯುತ್ ಇಳಿಸಿದ ಮೇಲೆ ಮೀಟರಿನಲ್ಲಿ ಅಳೆಯುತ್ತೇನೆ, ಒಂದು ನಿಮಿಷ ಬಿಟ್ಟು ಮತ್ತೆ ಅಳೆಯುತ್ತೇನೆ. ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ವೋಲ್ಟೇಜು ತಾನಾಗಿ ಮರಳಿ ಏರುತ್ತದೆ. ಇನ್ವರ್ಟರ್ ಆದರೆ ಮೊದಲು ಬ್ಯಾಟರಿಯ ವೈರು ಕಳಚಬೇಕು, ಇಲ್ಲದಿದ್ದರೆ ಇಳಿಸಿದಷ್ಟೂ ತುಂಬುತ್ತಲೇ ಇರುತ್ತದೆ.

ತೋಟದ ಸೋಲಾರ್ ಪಂಪಿನ ಕಂಟ್ರೋಲರಿಗೆ ಇದನ್ನು ಹಿಡಿಯಬೇಡಿ. ನನ್ನ ಪೆನ್ನಿನ ಮಿತಿ 400 ವೋಲ್ಟ್, ಅಲ್ಲಿ ಅದಕ್ಕಿಂತ ಬಹಳ ಹೆಚ್ಚಿರಬಹುದು. ಹಗಲಲ್ಲಿ ಪ್ಯಾನೆಲ್ಲಿನ ಸ್ವಿಚ್ ಆಫ್ ಮಾಡದೆ ಆ ಪೆಟ್ಟಿಗೆಯ ಮುಚ್ಚಳಕ್ಕೂ ಕೈ ಹಚ್ಚಬೇಡಿ.

ಕಳೆದ ತಿಂಗಳು ಅಂಗಡಿಗೆ ಸೇರಿದ ಹುಡುಗನಿಗೂ ಇದೇ ಪೆನ್ನು ತರಿಸಿದೆ. ಕೊಡುವ ಮೊದಲು ಬಿಚ್ಚಿ, ರೆಸಿಸ್ಟರಿನ ಎರಡೂ ಕಾಲಿಗೆ ಹೊಸ ಬೆಸುಗೆ ಹಾಕಿ, 9 ವೋಲ್ಟ್ ಬ್ಯಾಟರಿಯನ್ನೂ ಅದರ ಜೊತೆಗೇ ಕಟ್ಟಿ ಕೊಟ್ಟಿದ್ದೇನೆ.