ಟಾಂಜಾನಿಯಾದ ಅನಾಥಾಲಯಕ್ಕೆ ಸೇವೆ ಮಾಡಲು ಹೊರಟಿದ್ದೀರಾ? ದುಡ್ಡು ಕಟ್ಟುವ ಮುಂಚೆ ಓದಿ

ಕಳೆದ ವರ್ಷ ಎರಡು ತಿಂಗಳು ರಜೆ ಹಾಕಿ ಟಾಂಜಾನಿಯಾಕ್ಕೆ ಹೋಗಿದ್ದೆ. ಕಿಲಿಮಂಜಾರೋ ಬುಡದ ಮೋಶಿ ಊರಿನ ಹತ್ತಿರ ಒಂದು ಅನಾಥಾಲಯ. ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ಸ್ವಯಂಸೇವಕಿ ಕೆಲಸ. ಆನ್‌ಲೈನ್‌ನಲ್ಲಿ ಸಿಕ್ಕ ಏಜೆನ್ಸಿಗೆ ಊಟ, ವಸತಿ ಸೇರಿ 1,60,000 ರೂಪಾಯಿ ಕಟ್ಟಿದ್ದೆ. ಟಿಕೆಟ್ ಖರ್ಚು ಬೇರೆ. ಈಗ ನನ್ನ ಫೋಟೋ ನೋಡಿ ಹಲವರು 'ನಾವೂ ಹೋಗಬೇಕು' ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಊರಿನ ಬಗ್ಗೆ, ಜನರ ಬಗ್ಗೆ ನನ್ನ ದೂರು ಖಂಡಿತ ಇಲ್ಲ. ಬೆಳಗ್ಗೆ ಎದ್ದರೆ ಮಕ್ಕಳು 'ಶಿಕಮೋ' ಅನ್ನುತ್ತಿದ್ದರು. ದೊಡ್ಡವರಿಗೆ ಮಾಡುವ ನಮಸ್ಕಾರ ಅದು. ನಾನು 'ಮರಹಬಾ' ಅನ್ನಬೇಕು. ಆಮೇಲೆ 'ಉಜಿ' ಅನ್ನುವ ಗಂಜಿ. ಮೊದಲ ದಿನ ಲೋಟ ಬಾಯಿಗಿಟ್ಟರೆ ಥೇಟ್ ನಮ್ಮ ರಾಗಿ ಅಂಬಲಿ! ಅಲ್ಲಿ ರಾಗಿಗೆ 'ಉಲೇಜಿ' ಅಂತಾರೆ. ಮಧ್ಯಾಹ್ನ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಕಾಳಿನ ಸಾರು. ಮಕ್ಕಳು ನನ್ನನ್ನು 'ದಾದಾ' ಅಂತ ಕರೆಯುತ್ತಿದ್ದರು. ಸ್ವಾಹಿಲಿಯಲ್ಲಿ ಅದು ಅಕ್ಕ.

ಮೂರನೇ ವಾರ ಗೇಟಿನ ಹತ್ತಿರ ಒಬ್ಬ ಹೆಂಗಸು ಬಾಳೆಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. ಅಲ್ಲಿ ತಾಯಂದಿರನ್ನು ಮಗುವಿನ ಹೆಸರಿನಿಂದಲೇ ಕರೆಯುತ್ತಾರೆ. 'ಮಾಮಾ' ಅಂದು ಮುಂದೆ ಮಗುವಿನ ಹೆಸರು. ಆಕೆಯೂ ಹಾಗೇ ಹೇಳಿಕೊಂಡರು. ಆ ಹೆಸರು ನನ್ನ ತರಗತಿಯ ಏಳು ವರ್ಷದ ಹುಡುಗಿಯದು. 'ಅಪ್ಪ ಅಮ್ಮ ಇಬ್ಬರೂ ಇಲ್ಲ' ಅಂತ ಏಜೆನ್ಸಿ ನನಗೆ ಫೋಟೋ ಸಮೇತ ಕಳಿಸಿದ್ದ ಅದೇ ಹುಡುಗಿ.

ಅಡುಗೆಯವರನ್ನು ಕೇಳಿದೆ. ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅಮ್ಮನೋ ಅಜ್ಜಿಯೋ ಇದ್ದಾರೆ ಅಂದರು. ಟಾಂಜಾನಿಯಾದ ಸರ್ಕಾರಿ ಶಾಲೆಗಳಲ್ಲಿ 2016ರಿಂದ ಫೀಸ್ ಇಲ್ಲ. ಆದರೆ ಯೂನಿಫಾರ್ಮ್, ನೋಟ್‌ಬುಕ್ ಮನೆಯವರೇ ಕೊಡಿಸಬೇಕು. ಈ ತಾಯಿಗೆ ಅದೂ ಕಷ್ಟವಾಗಿತ್ತು. 'ಇಲ್ಲಿ ಬಿಡಿ, ವಿದೇಶದವರು ಇಂಗ್ಲಿಷ್ ಕಲಿಸ್ತಾರೆ' ಅಂತ ಹೇಳಿ ಅನಾಥಾಲಯದವರೇ ಮಗುವನ್ನು ಕರೆತಂದಿದ್ದರಂತೆ. ನಾನು ಕಟ್ಟಿದ ದುಡ್ಡಿನಲ್ಲಿ ಆ ಮಗು ಅಮ್ಮನ ಜೊತೆಗೇ ಇದ್ದು ಎಷ್ಟೋ ವರ್ಷ ಓದಬಹುದಿತ್ತು ಅಲ್ವಾ? ಮಕ್ಕಳು ಮನೆಗೆ ಹೋದರೆ ನನ್ನಂಥವರು ಬರುವುದಿಲ್ಲ, ದುಡ್ಡೂ ಬರುವುದಿಲ್ಲ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಒಂದೊಂದೇ ಕಣ್ಣಿಗೆ ಬಿತ್ತು. ದಾನ ಬಂದ ಒಳ್ಳೆಯ ಬಟ್ಟೆಗೆ ಬೀಗ. ಅತಿಥಿಗಳು ಬರುವ ದಿನ ಮಕ್ಕಳಿಗೆ ಹರಿದ ಬಟ್ಟೆ. ನಾನು ಪಾಠ ಮಾಡುವ ಕೆಲಸಕ್ಕೆ ಹೊಸಬಳು, ಆದರೂ ಯಾರೂ ಏನೂ ಕೇಳಿರಲಿಲ್ಲ. ಪೊಲೀಸ್ ವೆರಿಫಿಕೇಶನ್ ಪತ್ರ ಕೂಡ ಕೇಳಲಿಲ್ಲ. ಯಾರು ಬೇಕಾದರೂ ದುಡ್ಡು ಕಟ್ಟಿ ಆ ಮಕ್ಕಳ ಮಧ್ಯೆ ಬಂದು ಇರಬಹುದು ಅಂತಾಯ್ತು. ನನಗೆ ಈಗಲೂ ಹೆಚ್ಚು ಭಯ ಆಗುವುದು ಇದಕ್ಕೇ.

ವೀಸಾ ಕಥೆಯೂ ಹೇಳಬೇಕು. 'ಟೂರಿಸ್ಟ್ ವೀಸಾ ಸಾಕು' ಅಂತ ಏಜೆನ್ಸಿ ಹೇಳಿತ್ತು. ಸಾಲದು. ಸಂಬಳ ಇಲ್ಲದ ಸೇವೆಗೂ ಅಲ್ಲಿ 'ಕ್ಲಾಸ್ ಸಿ' ಅನ್ನುವ ವಾಸದ ಪರ್ಮಿಟ್ ಬೇಕು. ಇಮಿಗ್ರೇಶನ್‌ನವರು ಬರುತ್ತಾರೆ ಅಂತ ಸುದ್ದಿ ಬಂದ ದಿನ, 'ಸುಮ್ನೆ ಅತಿಥಿ ಅಂತ ಹೇಳಿಬಿಡಿ' ಅಂದರು ಮ್ಯಾನೇಜರ್. ಸಿಕ್ಕಿಬಿದ್ದರೆ ದಂಡ ಕಟ್ಟಬೇಕಾದವಳು, ದೇಶ ಬಿಡಬೇಕಾದವಳು ನಾನು. ಐದನೇ ವಾರಕ್ಕೆ ಹೊರಟೆ. ಉಳಿದ ದುಡ್ಡು ವಾಪಸ್ ಬರಲಿಲ್ಲ.

ಊರಿಗೆ ಬಂದ ಮೇಲೆ ಓದಿದೆ. ಇಂಥ ಕಡೆ ಇರುವ ಹೆಚ್ಚಿನ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಅಂತ ಯುನಿಸೆಫ್ ಹೇಳುತ್ತಲೇ ಬಂದಿದೆ. ಪಕ್ಕದ ಕೀನ್ಯಾ 2017ರಲ್ಲೇ ಹೊಸ ಅನಾಥಾಲಯಗಳ ನೋಂದಣಿ ನಿಲ್ಲಿಸಿತ್ತು. ಹೋಗುವ ಮುಂಚೆ ಓದಬೇಕಿತ್ತು ನಾನು.

ನೀವು ಈಗಾಗಲೇ ಏಜೆನ್ಸಿ ಜೊತೆ ಮಾತಾಡಿದ್ದರೆ, ಹೋದ ವರ್ಷ ಎಷ್ಟು ಮಕ್ಕಳು ಮನೆಗೆ ವಾಪಸ್ ಹೋದರು ಅಂತ ಕೇಳಿ. 'ನನ್ನ ಪೊಲೀಸ್ ಪತ್ರ ಯಾಕೆ ಬೇಡ' ಅಂತ ಕೇಳಿ. ಪರ್ಮಿಟ್ ಕೈಗೆ ಬರುವ ತನಕ ಟಿಕೆಟ್ ಮಾಡಿಸಬೇಡಿ. ಮಕ್ಕಳ ಫೋಟೋ ಕಳಿಸಿ ಕರೆಯುವ ಏಜೆನ್ಸಿಯಾದರೆ, ಅಲ್ಲಿಗೇ ಬಿಟ್ಟುಬಿಡಿ.